ಸೊನ್ನಲಿಗೆಯಲ್ಲಿ ಒಂದು ಹಗಲು, ಒಂದು ಇರುಳು

ನಮ್ಮ ಭಾಗದ ಹಳ್ಳಿಗಳಲ್ಲಿ ಯಾರಾದರೂ ಸೋಲಾಪುರಕ್ಕೆ ಹೊರಟರೆ ಎದುರಾದವರು ಕೇಳುವ ಪ್ರಶ್ನೆ ಒಂದೇ: ‘ಏನು ಕೆಲಸ?’ ದವಾಖಾನೆ, ಕೋರ್ಟಿನ ತಾರೀಖು, ಬ್ಯಾಂಕಿನ ಸಾಲ, ಬೀಜ-ಗೊಬ್ಬರ, ಮಗನ ಕಾಲೇಜಿನ ದಾಖಲಾತಿ, ಇವುಗಳಲ್ಲಿ ಒಂದನ್ನು ಹೇಳಿದರೆ ಕೇಳಿದವರಿಗೆ ಸಮಾಧಾನ. ‘ಊರು ನೋಡಲಿಕ್ಕೆ’ ಎಂದು ಉತ್ತರಿಸಿದವರನ್ನು ನಾನು ಕಂಡಿಲ್ಲ. ಹೀಗಾಗಿ ಕನ್ನಡ ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳ ಮನಸ್ಸಿನಲ್ಲಿ ಸೋಲಾಪುರವೆಂದರೆ ಸಾಲಿನಲ್ಲಿ ನಿಲ್ಲುವ ಊರು, ಅಪ್ಪ ದನಿ ತಗ್ಗಿಸಿ ಮಾತನಾಡುವ ಊರು. ವಕೀಲಿ ವೃತ್ತಿಯಲ್ಲಿರುವ ನಾನು ಇದನ್ನು ಕಚೇರಿಗಳ ಪಡಸಾಲೆಯಲ್ಲಿ ದಿನವೂ ನೋಡುತ್ತೇನೆ. ಬಸ್ಸಿನಲ್ಲಿ ಗಟ್ಟಿಯಾಗಿ ಕನ್ನಡ ಮಾತನಾಡುತ್ತ ಬಂದ ಗಂಡಸು ಕಚೇರಿಯ ಮೆಟ್ಟಿಲೇರುತ್ತಲೇ ಅರ್ಧ ದನಿಗೆ ಇಳಿಯುತ್ತಾನೆ. ಅವನ ಕೈ ಹಿಡಿದು ಬಂದ ಮಗುವೂ ಅದನ್ನು ಕಲಿತುಕೊಳ್ಳುತ್ತದೆ.

ಅದೇ ಮಗು ಮೊಬೈಲಿನಲ್ಲಿ ಚೀನಾದ ಶಾಂಘೈ ನಗರವನ್ನು ನೋಡಿರುತ್ತದೆ. ಹುವಾಂಗ್‌ಪು ನದಿಯ ದಂಡೆಯ ಬಣ್ಣದ ದೀಪಗಳು, 632 ಮೀಟರ್ ಎತ್ತರದ ಗೋಪುರ, ನಾನ್‌ಜಿಂಗ್ ರಸ್ತೆಯ ಅಂಗಡಿಸಾಲು ಎಲ್ಲವೂ ಅದಕ್ಕೆ ಗೊತ್ತು. ಇದರಲ್ಲಿ ತಪ್ಪೇನೂ ಇಲ್ಲ, ಲೋಕವನ್ನು ನೋಡಬೇಕು. ಆದರೆ ದೂರದ ಊರನ್ನು ಕಣ್ಣರಳಿಸಿ ನೋಡಿದ ಮಕ್ಕಳು ಬಸ್ಸಿಗೆ ಹತ್ತಿರವಿರುವ ಊರನ್ನು ತಲೆ ತಗ್ಗಿಸಿ ನೋಡುವುದು ನನಗೆ ಸರಿಯೆನಿಸಲಿಲ್ಲ. ಹೀಗಾಗಿ ಈ ಸಂಕ್ರಾಂತಿಯ ಮರುದಿನ, ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವ ದಿನ, ಕಂದಲಗಾಂವದಿಂದ ಹನ್ನೊಂದು ಮಕ್ಕಳು, ಅವರ ಗುರುಗಳು, ಮೂವರು ತಾಯಂದಿರು ಮತ್ತು ನಾನು ಸೋಲಾಪುರಕ್ಕೆ ಹೊರಟೆವು. ಯಾರಿಗೂ ಯಾವ ಕೆಲಸವೂ ಇರಲಿಲ್ಲ. ಹಗಲೆಲ್ಲ ಊರು ನೋಡುವುದು, ಸಂಜೆ ಪೇಟೆ ಮಾಡುವುದು, ರಾತ್ರಿ ಜಾತ್ರೆಯಲ್ಲಿ ತಿರುಗುವುದು, ಇಷ್ಟೇ ಕಾರ್ಯಕ್ರಮ.

ಕೆರೆಯ ದಂಡೆಯಲ್ಲಿ

ಎಸ್‌ಟಿ ಬಸ್ಸು ಮಂದ್ರೂಪದ ಮೇಲಿಂದ ವಿಜಾಪುರ ರಸ್ತೆ ಹಿಡಿಯಿತು. ವಡಕಬಾಳದ ಬಳಿ ಸೀನಾ ನದಿಯ ಸೇತುವೆ ದಾಟಿದಾಗ ಮಕ್ಕಳು ಕಿಟಕಿಗೆ ಮುಗಿಬಿದ್ದರು. ಇಕ್ಕೆಲಗಳಲ್ಲಿ ತೆನೆ ಹಿಡಿದ ಬಿಳಿಜೋಳ, ನಡುನಡುವೆ ಕಬ್ಬು. ನಗರ ಸಮೀಪಿಸಿದಂತೆ ಎಡಬಲದ ಫಲಕಗಳೆಲ್ಲ ಮರಾಠಿಯವು. ನಮ್ಮ ಮಕ್ಕಳು ಅವನ್ನು ತಡವರಿಸದೆ ಓದುತ್ತಾರೆ. ಕನ್ನಡ ಶಾಲೆಯ ಮಗುವಿಗೆ ಈ ಭಾಗದಲ್ಲಿ ಎರಡು ಲಿಪಿ ಬರುತ್ತವೆಂಬುದನ್ನು ನಾವು ಪಾಲಕರು ಒಂದು ಗಳಿಕೆಯೆಂದು ಎಣಿಸುವುದೇ ಇಲ್ಲ. ನಗರದ ಅಂಚಿನಲ್ಲಿ ಕಂಬರ ತಲಾವು ಸಿಕ್ಕಿತು. ಈಗ ಅದಕ್ಕೆ ಧರ್ಮವೀರ ಸಂಭಾಜಿ ತಲಾವು ಎಂದು ಹೆಸರಿದೆ.

ನಾವು ಮೊದಲು ಹೋದದ್ದು ಸಿದ್ಧೇಶ್ವರ ದೇವಸ್ಥಾನಕ್ಕೆ. ವಿಶಾಲವಾದ ಕೆರೆಯ ನಡುವೆ ನಡುಗಡ್ಡೆಯಂತೆ ನಿಂತಿರುವ ಗುಡಿ ಅದು. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಇಲ್ಲಿ ಹುಟ್ಟಿದ ಸಿದ್ಧರಾಮರು ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು, ಊರಿನ ಸುತ್ತ ಅರವತ್ತೆಂಟು ಲಿಂಗಗಳನ್ನು ಪ್ರತಿಷ್ಠಾಪಿಸಿದರು ಎಂಬುದು ಪರಂಪರೆಯ ನಂಬಿಕೆ. ಕೆರೆಯ ಕೆಲಸದ ನಡುವೆಯೇ ಅಲ್ಲಮಪ್ರಭುಗಳು ಬಂದು ಅವರನ್ನು ಮಾತಿಗೆಳೆದು ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗವನ್ನು ಶೂನ್ಯಸಂಪಾದನೆ ಹೇಳುತ್ತದೆ. ರಾಘವಾಂಕ ಕವಿ ಅವರ ಮೇಲೆ ‘ಸಿದ್ಧರಾಮ ಚಾರಿತ್ರ’ವನ್ನೇ ಬರೆದ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಸಿದ್ಧರಾಮರು ಬರೆದ ವಚನಗಳೆಲ್ಲ ಕನ್ನಡದವು.

ಗುಡಿಯ ಅಂಗಳದಲ್ಲಿ ಸಿದ್ಧರಾಮರ ಯೋಗಸಮಾಧಿಯಿದೆ. ದರ್ಶನ ಮುಗಿಸಿ ಕೆರೆಯ ಕಡೆಗೆ ಮುಖ ಮಾಡಿ ಕುಳಿತಾಗ ಗುರುಗಳು ಮಕ್ಕಳ ಮುಂದೆ ಒಂದು ಮರಾಠಿ ದಿನಪತ್ರಿಕೆಯನ್ನು ಹರಡಿದರು. ಅದರಲ್ಲಿ ಜಾತ್ರೆಯ ಐದು ದಿನಗಳ ಕಾರ್ಯಕ್ರಮ ಅಚ್ಚಾಗಿತ್ತು. ‘ಇದರೊಳಗೆ ಎಷ್ಟು ಶಬ್ದ ನಮ್ಮ ಮನಿಯೊಳಗಿನವು, ಹುಡುಕ್ರಿ’ ಎಂದರು. ಮೊದಲ ದಿನ ಅರವತ್ತೆಂಟು ಲಿಂಗಗಳಿಗೆ ನಡೆಯುವ ತೈಲಾಭಿಷೇಕಕ್ಕೆ ಪತ್ರಿಕೆ ಬರೆದದ್ದು ‘ಯಣ್ಣಿಮಜ್ಜನ’ ಎಂದು. ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡು ಸಲ ತನ್ನಷ್ಟಕ್ಕೆ ಓದಿಕೊಂಡು, ಥಟ್ಟನೆ ತಲೆಯೆತ್ತಿ, ‘ಕಾಕಾ, ಇದು ಎಣ್ಣೆ ಮಜ್ಜನ ಅಲ್ಲೇನ್ರಿ?’ ಎಂದಳು. ಹೌದು, ಅದೇ. ಅಲ್ಲಿಂದ ಮುಂದೆ ಅವರನ್ನು ತಡೆಯುವುದೇ ಕಷ್ಟವಾಯಿತು. ಕೊನೆಯ ದಿನ ನಂದಿಧ್ವಜಗಳ ವಸ್ತ್ರ ತೆಗೆಯುವ ವಿಧಿಗೆ ‘ಕಪ್ಪಡಕಳ್ಳಿ’ ಎಂದಿತ್ತು, ಕಪ್ಪಡ ಕಳಚುವುದು. ಜಾತ್ರೆಯ ಮುಖ್ಯ ಮಾನಕರಿಗಳ ಮನೆತನದ ಹೆಸರು ಹಿರೇಹಬ್ಬು. ಅಕ್ಷತೆ ಬೀಳುವ ಸ್ಥಳ ಸಮ್ಮತಿ ಕಟ್ಟಾ. ಕಟ್ಟೆಯೆಂದರೆ ನಮ್ಮೂರ ಬೇವಿನ ಮರದ ಕೆಳಗಿನ ಕಟ್ಟೆಯೇ. ಊರಿಗೆ ಊರೇ ‘ಗಡ್ಡಾ’ ಎಂದು ಕರೆಯುವ ಜಾತ್ರೆಯ ಹೆಸರಿನಲ್ಲಿಯೂ ನನ್ನ ಕಿವಿಗೆ ನಮ್ಮ ‘ಗಡ್ಡೆ’ ಕೇಳುತ್ತದೆ. ಲಕ್ಷಾಂತರ ಮರಾಠಿ ನಾಲಿಗೆಗಳು ಪ್ರತಿ ವರ್ಷ ಈ ಶಬ್ದಗಳನ್ನು ಭಕ್ತಿಯಿಂದ ಆಡುತ್ತವೆ, ಒಂದನ್ನೂ ಬದಲಿಸದೆ ಉಳಿಸಿಕೊಂಡು ಬಂದಿವೆ. ಅದಕ್ಕಾಗಿ ನಾವು ಅವರಿಗೆ ಕೃತಜ್ಞರಾಗಿರಬೇಕು.

ಸಮ್ಮತಿ ಕಟ್ಟೆಯ ಹತ್ತಿರ ಮಕ್ಕಳಿಗೆ ಅದರ ಕಥೆ ಹೇಳಿದೆ. ಕುಂಬಾರ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ಮದುವೆಯಾಗುವೆನೆಂದಳು. ಅವರು ಯೋಗಿ, ತಮ್ಮ ಯೋಗದಂಡದೊಂದಿಗೆ ವಿವಾಹವಾಗಲು ಒಪ್ಪಿಗೆ ಕೊಟ್ಟರು. ಆ ಮದುವೆಯನ್ನೇ ಇಂದಿಗೂ ಏಳು ನಂದಿಧ್ವಜಗಳ ಸಾಕ್ಷಿಯಲ್ಲಿ ಸೋಲಾಪುರ ಆಚರಿಸುತ್ತದೆ. ಸಮ್ಮತಿಯನ್ನು ಓದುವಾಗ ‘ಸತ್ಯಂ ಸತ್ಯಂ, ದಿಡ್ಡಂ ದಿಡ್ಡಂ’ ಎಂಬ ಘೋಷ ಏಳುತ್ತದೆ. ಆ ‘ದಿಡ್ಡಂ’ನಲ್ಲಿ ಹಳಗನ್ನಡದ ‘ದಿಟಂ’ ಇದೆಯೆಂದು ನನ್ನ ಎಣಿಕೆ. ಸಂಸ್ಕೃತದ ಸತ್ಯ, ಕನ್ನಡದ ದಿಟ ಅಕ್ಕಪಕ್ಕದಲ್ಲಿ ನಿಂತು ಸಾಕ್ಷಿ ಹೇಳುತ್ತವೆ. ಒಪ್ಪಿಗೆಯಿಲ್ಲದ ಕರಾರು ಕರಾರಲ್ಲ ಎಂದು ನಮಗೆ ಕಾನೂನಿನ ಕಾಲೇಜಿನಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ. ಆ ಮಾತನ್ನು ಮದುವೆಯ ಕಟ್ಟೆಗೇ ಹೆಸರಾಗಿ ಇಟ್ಟ ಊರಿದು ಎಂದಾಗ ತಾಯಂದಿರಲ್ಲೊಬ್ಬರು, ‘ನಮ್ಮ ಮದುವ್ಯಾಗ ಯಾರು ಕೇಳಿದ್ರಿ ವಕೀಲ್ರ?’ ಎಂದು ನಕ್ಕುಬಿಟ್ಟರು.

ಕೋಟೆ ಮತ್ತು ಕಲ್ಲುಗಳು

ಕೆರೆಗೆ ಹೊಂದಿಕೊಂಡೇ ಭುಯಿಕೋಟ ಕಿಲ್ಲೆ ಇದೆ. ಬೆಟ್ಟದ ಮೇಲಿಲ್ಲದೆ ಸಮತಟ್ಟಾದ ನೆಲದ ಮೇಲೆಯೇ ಕಟ್ಟಿದ್ದರಿಂದ ಈ ಹೆಸರು. ಬಹಮನಿ ಅರಸರ ಕಾಲದ್ದು. ಒಂದರೊಳಗೊಂದು ಎರಡು ಗೋಡೆಗಳು, ಸುತ್ತ ಕಂದಕ. ಮುಂದೆ ಬಿಜಾಪುರದ ಆದಿಲಶಾಹಿ ಮತ್ತು ಅಹ್ಮದನಗರದ ನಿಜಾಮಶಾಹಿ ಮನೆತನಗಳ ನಡುವೆ ಇದು ಬಹುಕಾಲದ ವ್ಯಾಜ್ಯದ ಆಸ್ತಿಯಾಯಿತು. ಆದಿಲಶಾಹಿ ರಾಜಕುಮಾರಿಯನ್ನು ನಿಜಾಮಶಾಹನಿಗೆ ಕೊಟ್ಟಾಗ ಸೋಲಾಪುರವನ್ನು ಬಳುವಳಿಯಾಗಿ ಕೊಡುವ ಮಾತಾಗಿತ್ತು. ಮಾತು ನಡೆಯಲಿಲ್ಲ, ಯುದ್ಧಗಳು ನಡೆದವು. ಎರಡು ತಲೆಮಾರುಗಳ ನಂತರ ನಿಜಾಮಶಾಹಿಯ ಚಾಂದಬೀಬಿ ಆದಿಲಶಾಹಿಯ ಸೊಸೆಯಾಗಿ ಬಂದಾಗ ಅದೇ ಕೋಟೆ ಬಳುವಳಿಯಾಗಿ ಬಿಜಾಪುರದ ಕಡೆಗೆ ಬಂತು. ವರದಕ್ಷಿಣೆಯ ಪ್ರಕರಣಗಳನ್ನು ನಡೆಸಿ ಬೇಸತ್ತ ವಕೀಲನಿಗೆ ಈ ಕೋಟೆಯ ಮುಂದೆ ಒಂದು ಬಗೆಯ ಸಮಾಧಾನ ಸಿಗುತ್ತದೆ: ತಲೆಮಾರುಗಟ್ಟಲೆ ಎಳೆದ ವ್ಯಾಜ್ಯಗಳು ಅರಮನೆಗಳಲ್ಲಿಯೂ ಇದ್ದವು. 1818ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿ ಪೇಶ್ವೆಯ ಸೈನ್ಯದಿಂದ ಕೋಟೆಯನ್ನು ಗೆದ್ದುಕೊಂಡರು.

ಕೋಟೆಯೊಳಗೆ ಹಳೆಯ ದೇಗುಲವೊಂದರ ಕೆತ್ತನೆಯ ಕಂಬಗಳು ಉಳಿದಿವೆ. ಅವುಗಳ ಬಳಿ ನಿಂತು ಮಕ್ಕಳಿಗೆ ಆನಂದ ಕುಂಭಾರರ ಬಗ್ಗೆ ಹೇಳಿದೆ. ಸೋಲಾಪುರದವರೇ ಆದ ಈ ಸಂಶೋಧಕರು ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ ಶಾಸನಗಳನ್ನು ಹುಡುಕಿದರು. ಅವುಗಳಲ್ಲಿ ಬಹಳಷ್ಟು ಕನ್ನಡದವು. ಅವನ್ನು ಓದಿ ಪ್ರಕಟಿಸುವಲ್ಲಿ ಧಾರವಾಡದ ಶಾಸನತಜ್ಞ ಶ್ರೀನಿವಾಸ ರಿತ್ತಿಯವರು ಜೊತೆಯಾದರು. ಮರಾಠಿಯಲ್ಲಿ ಬರೆಯುವವರೊಬ್ಬರು ಕನ್ನಡದ ಕಲ್ಲುಗಳಿಗಾಗಿ ಬಿಸಿಲಲ್ಲಿ ಅಲೆದರು ಎಂಬುದನ್ನು ನಮ್ಮ ಶಾಲೆಗಳಲ್ಲಿ ಪಾಠವಾಗಿ ಹೇಳಬೇಕು. ನಮ್ಮ ತಾಲೂಕಿನಲ್ಲೇ, ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ, 1018ರ ಮರಾಠಿ ಶಾಸನವಿದೆ; ಮರಾಠಿಯ ಅತಿ ಪ್ರಾಚೀನ ಬರಹಗಳ ಸಾಲಿನಲ್ಲಿ ಅದಕ್ಕೆ ಸ್ಥಾನವುಂಟು. ಎರಡು ನದಿಗಳು ಕೂಡುವಲ್ಲಿ ಎರಡು ಭಾಷೆಗಳೂ ಕೂಡಿ ಸಾವಿರ ವರ್ಷ ಕಳೆದಿವೆ. ನೆರೆಹೊರೆ ಎಂದರೆ ಇದೇ.

ಕೋಟೆಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಸಂಕ್ರಾಂತಿಯ ಉಳಿಕೆಯ ಎಳ್ಳುಹೋಳಿಗೆ.

ಇಬ್ಬರು ಮಲ್ಲರು, ಒಬ್ಬ ವೈದ್ಯ

ಊಟದ ನಂತರ ಪಾರ್ಕ್ ಚೌಕದ ಕಡೆಗೆ ನಡೆದು ನಾಲ್ವರು ಹುತಾತ್ಮರ ಪ್ರತಿಮೆಗಳಿಗೆ ಕೈಮುಗಿದೆವು. ಊರಿನವರು ಈ ಜಾಗವನ್ನು ‘ಚಾರ್ ಪುತಳಾ’ ಎನ್ನುತ್ತಾರೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಸೋಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಕೆಲವು ದಿನ ಊರಿನ ಆಡಳಿತ ಇಂಗ್ಲಿಷರ ಕೈಯಲ್ಲಿರಲಿಲ್ಲ; ಆಮೇಲೆ ಲಷ್ಕರಿ ಕಾನೂನು ಬಂತು. ಆ ಕಾನೂನಿನ ಕೆಳಗೆ ರಾಷ್ಟ್ರಧ್ವಜ ಹಿಡಿಯುವುದೂ ಅಪರಾಧವಾಯಿತು. 1931ರ ಜನವರಿ 12ರಂದು ಪುಣೆಯ ಯೆರವಡಾ ಕಾರಾಗೃಹದಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಮೂರು ದಿನಗಳ ಹಿಂದಿನ ಪುಣ್ಯತಿಥಿಯ ಹೂಮಾಲೆಗಳು ಇನ್ನೂ ಪ್ರತಿಮೆಗಳ ಕೊರಳಲ್ಲಿದ್ದವು. ಮಲ್ಲಪ್ಪನೆಂಬ ಹೆಸರಿನ ಒಬ್ಬ ಹುಡುಗ ನಮ್ಮ ಗುಂಪಿನಲ್ಲಿಯೂ ಇದ್ದ. ಆತ ಪ್ರತಿಮೆಯ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಂತ. ನಾಲ್ಕು ಹೆಸರುಗಳನ್ನು ಓದಿದರೆ ಸೋಲಾಪುರದ ಜನಗಣತಿಯನ್ನೇ ಓದಿದಂತಾಗುತ್ತದೆ. ಈ ನಗರವನ್ನು ಒಬ್ಬರು ಕಟ್ಟಿಲ್ಲ, ಇದಕ್ಕಾಗಿ ಒಬ್ಬರು ಸತ್ತಿಲ್ಲ.

ಅಲ್ಲಿಂದ ಭೈಯಾ ಚೌಕದ ಬಳಿಯ ಡಾಕ್ಟರ್ ಕೋಟ್ನೀಸ್ ಸ್ಮಾರಕಕ್ಕೆ ಹೋದೆವು. ಚೀನಾದ ಮಾತು ಇಲ್ಲಿ ನಿಜವಾಗಿಯೂ ನಮ್ಮೂರಿನ ಮಾತಾಗುತ್ತದೆ. ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು 1910ರ ಅಕ್ಟೋಬರ್ 10ರಂದು ಸೋಲಾಪುರದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ವೈದ್ಯಕೀಯ ಕಲಿತರು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ಅವರೂ ಒಬ್ಬರು. ನಾಲ್ವರು ಮರಳಿ ಬಂದರು, ಕೋಟ್ನೀಸರು ಬರಲಿಲ್ಲ. ಯುದ್ಧಭೂಮಿಯ ಹಿಂದೆ ಗಾಯಾಳುಗಳ ಶಸ್ತ್ರಚಿಕಿತ್ಸೆ ಮಾಡುತ್ತ, ಅಲ್ಲಿನ ಭಾಷೆ ಕಲಿತು ಅದರಲ್ಲೇ ಪಾಠ ಹೇಳುತ್ತ, ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಗುವೋ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಹುಟ್ಟಿದ ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಉತ್ತರ ಚೀನಾದ ಶಿಜಿಯಾಜುವಾಂಗ್ ಎಂಬ ಮಹಾನಗರದ ಹುತಾತ್ಮರ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಪೂರ್ವಜರನ್ನು ನೆನೆಯುವ ಚಿಂಗ್‌ಮಿಂಗ್ ಹಬ್ಬಕ್ಕೆ ಅಲ್ಲಿಯ ಜನ ಅದಕ್ಕೆ ಹೂ ಇಡುತ್ತಾರೆ. ಅವರ ಬದುಕನ್ನು ವ್ಹಿ. ಶಾಂತಾರಾಮರು 1946ರಲ್ಲಿ ಚಲನಚಿತ್ರವಾಗಿಸಿದರು.

‘ಚೀನಾದವ್ರಿಗೆ ನಮ್ಮ ಸೋಲಾಪುರ ಗೊತ್ತದೇನ್ರಿ?’ ಎಂದು ಹುಡುಗನೊಬ್ಬ ಕೇಳಿದ. ಗೊತ್ತಿದೆ, ಚೀನಾದಿಂದ ಬಂದ ಗಣ್ಯರು ಈ ಮನೆತನವನ್ನು ಕಂಡು ಗೌರವಿಸಿ ಹೋಗಿದ್ದಾರೆ ಎಂದೆ. ಮೊಬೈಲಿನ ಶಾಂಘೈಯನ್ನು ಬಲ್ಲ ಹುಡುಗನಿಗೆ, ಅಲ್ಲಿಂದ ಇಲ್ಲಿಯ ಕಡೆಗೂ ಯಾರೋ ನೋಡುತ್ತಾರೆಂಬುದು ಹೊಸ ಸಂಗತಿಯಾಗಿತ್ತು.

ಪೇಟೆ

ಸಂಜೆಗೆ ಪೇಟೆ. ಸೋಲಾಪುರಕ್ಕೆ ಬಂದು ಚಾದರ ಕೊಳ್ಳದೆ ಹೋಗಬಾರದೆಂದು ತಾಯಂದಿರು ಮೊದಲೇ ತೀರ್ಮಾನಿಸಿದ್ದರು. ನಗರದ ಪೂರ್ವಭಾಗದ ಓಣಿಗಳಲ್ಲಿ ಮಗ್ಗದ ಸದ್ದು ಈಗಲೂ ಕೇಳಿಸುತ್ತದೆ. ತೆಲಂಗಾಣದ ಕಡೆಯಿಂದ ತಲೆಮಾರುಗಳ ಹಿಂದೆ ಬಂದ ಪದ್ಮಶಾಲಿ ನೇಕಾರರು ಈ ಕಸುಬನ್ನು ಬೆಳೆಸಿದರು. ಪರಿಚಯದ ಒಬ್ಬರ ಮಗ್ಗದ ಮನೆಗೆ ಮಕ್ಕಳನ್ನು ಕರೆದೊಯ್ದೆ. ಜಕಾರ್ಡ್ ಮಗ್ಗದ ಮೇಲ್ಗಡೆ ತೂತು ಹೊಡೆದ ರಟ್ಟಿನ ಹಲಗೆಗಳು ಸರಪಳಿಯಂತೆ ತಿರುಗುತ್ತವೆ. ತೂತಿದ್ದಲ್ಲಿ ಒಂದು ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. ಹೀಗೆ ಎಳೆ ಎಳೆಯಾಗಿ ನವಿಲೊಂದು ಬಟ್ಟೆಯ ಮೇಲೆ ಮೂಡುತ್ತದೆ. ಚಾದರದ ಎರಡೂ ಬದಿಗೆ ಚಿತ್ತಾರ ಕಾಣುವುದು ಈ ನೇಯ್ಗೆಯ ಗುಣ. ಗಣಕಯಂತ್ರದ ಮೊದಲ ಕಲ್ಪನೆಗೂ ಇಂಥ ತೂತಿನ ಹಲಗೆಗಳಿಗೂ ನಂಟಿದೆಯೆಂದಾಗ ಮಕ್ಕಳು ನಂಬಲಿಲ್ಲ. ಗುರುಗಳು ಹೌದೆಂದ ಮೇಲೆ ನಂಬಿದರು.

ಇಲ್ಲಿ ಪಾಲಕರಿಗೆ ಒಂದು ಕಾನೂನಿನ ಮಾತು. 1999ರಲ್ಲಿ ಸಂಸತ್ತು ಸರಕುಗಳ ಭೌಗೋಳಿಕ ಗುರುತಿನ ಕಾಯಿದೆಯನ್ನು ಮಾಡಿತು. ಒಂದು ಸರಕಿನ ಗುಣಕ್ಕೂ ಹೆಸರಿಗೂ ಅದು ತಯಾರಾಗುವ ನೆಲವೇ ಕಾರಣವಾಗಿದ್ದರೆ, ಆ ನೆಲದ ಹೆಸರನ್ನು ಬೇರೆಯವರು ಬಳಸುವಂತಿಲ್ಲ. ಈ ಕಾಯಿದೆಯ ಕೆಳಗೆ ಸೋಲಾಪುರಿ ಚಾದರಕ್ಕೂ ಸೋಲಾಪುರದ ಟೆರಿ ಟವೆಲ್ಲಿಗೂ ನೋಂದಣಿ ದೊರೆತಿದೆ. ಆದರೆ ಬೇರೆಡೆ ತಯಾರಾದ ಅಗ್ಗದ ಮಾಲು ಸೋಲಾಪುರದ ಹೆಸರಿನಲ್ಲಿ ಮಾರಾಟವಾಗುತ್ತದೆಂಬುದು ಇಲ್ಲಿಯ ನೇಕಾರರ ಬಹುಕಾಲದ ದೂರು. ಕೊಳ್ಳುವಾಗ ಎಲ್ಲಿ ನೇಯ್ದದ್ದೆಂದು ಕೇಳುವುದು, ಪಕ್ಕಾ ಬಿಲ್ಲು ಪಡೆಯುವುದು ನಮ್ಮ ಹಕ್ಕು. ನೆಲದ ಹೆಸರು ನೇಕಾರನಿಗೆ ಸೇರಿದ ಆಸ್ತಿ ಎಂದು ಕಾನೂನು ಹೇಳುತ್ತದೆ. ಕೇಳುವವರಿಲ್ಲದಿದ್ದರೆ ಆ ಆಸ್ತಿ ಉಳಿಯುವುದಿಲ್ಲ.

ಚಾದರದ ಅಂಗಡಿಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ‘ಎಣ್ಣೆ ಮಜ್ಜನ’ ಕಂಡುಹಿಡಿದ ಹುಡುಗಿ ಅಜ್ಜಿಗಾಗಿ ಒಂದು ಚಾದರ ಆರಿಸಿದ್ದಳು. ಬೆಲೆ ಕೇಳಬೇಕು, ಕೇಳಲೊಲ್ಲಳು. ತಾಯಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಗಲ್ಲೆಯ ಮೇಲೆ ಕುಳಿತ ಹಿರಿಯರ ಮನೆಮಾತು ತೆಲುಗು. ಅವರು ಕನ್ನಡಕ ಸರಿಪಡಿಸಿಕೊಂಡು, ‘ಯಾಕವ್ವ, ಜೋರಾಗಿ ಕೇಳು. ಕನ್ನಡ ನಮಗೂ ಬರ್ತದ, ಗಿರಾಕಿ ಅರ್ಧ ನಿಮ್ಮವ್ರೇ ಅದಾರ’ ಎಂದರು. ಹುಡುಗಿ ನಾಚಿಕೊಂಡಳು, ಆಮೇಲೆ ಗಟ್ಟಿಯಾಗಿಯೇ ಕೇಳಿ, ಐವತ್ತು ರೂಪಾಯಿ ಇಳಿಸಿಯೂ ಬಿಟ್ಟಳು. ಸೋಲಾಪುರದ ವ್ಯಾಪಾರಿಗೆ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಬೇಕು. ಯಾವ ಶಾಲೆಯೂ ಅವರಿಗೆ ಅದನ್ನು ಕಲಿಸಿಲ್ಲ, ಗಿರಾಕಿ ಕಲಿಸಿದ್ದಾನೆ.

ನವೀ ಪೇಠೆಯಲ್ಲಿ ಬಳೆ, ಚಪ್ಪಲಿ, ಶಾಲೆಯ ಸಮವಸ್ತ್ರದ ಬಟ್ಟೆ ಕೊಂಡದ್ದಾಯಿತು. ಸಮವಸ್ತ್ರ ಹೊಲಿಯುವ ಉದ್ಯಮ ಈ ನಗರದಲ್ಲಿ ದೊಡ್ಡದು. ದೂರದ ರಾಜ್ಯಗಳ ಮಕ್ಕಳೂ ಸೋಲಾಪುರದಲ್ಲಿ ಹೊಲಿದ ಅಂಗಿ ತೊಟ್ಟು ಶಾಲೆಗೆ ಹೋಗುತ್ತಾರೆ. ಕೊನೆಗೆ ಮಕ್ಕಳು ಉಳಿಸಿಟ್ಟುಕೊಂಡು ಬಂದಿದ್ದ ಹಣದಲ್ಲಿ ಕಥೆಪುಸ್ತಕ ಬೇಕೆಂದರು. ಮೂರು ಪುಸ್ತಕದಂಗಡಿಗಳಿಗೆ ಹೋದೆವು. ಮರಾಠಿಯಲ್ಲಿ ಕಪಾಟು ತುಂಬ, ಇಂಗ್ಲಿಷಿನಲ್ಲಿ ಕಪಾಟು ತುಂಬ. ಕನ್ನಡದ್ದು ಒಂದೂ ಇಲ್ಲ. ಮೂರನೆಯ ಅಂಗಡಿಯವರು ಸೌಜನ್ಯದಿಂದಲೇ ಹೇಳಿದರು: ‘ತರಿಸಬಹುದು ಸಾಹೇಬರ, ಆದರೆ ಯಾರೂ ಕೇಳಂಗಿಲ್ಲ.’

ಈ ಮಾತು ಆ ದಿನ ನಾನು ಕೇಳಿದವುಗಳಲ್ಲೆಲ್ಲ ಭಾರವಾದದ್ದು. ಪುಣೆಯ ಬಾಲಭಾರತಿ ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿಯದು. ಅದನ್ನು ಮುಂದಿಟ್ಟು ಅರ್ಜಿ ಬರೆಯಬಹುದು, ಶಿಕ್ಷಕರನ್ನು ಕೇಳಬಹುದು, ವರ್ಗಕೋಣೆ ಕೇಳಬಹುದು. ಆದರೆ ಸಂತೋಷಕ್ಕಾಗಿ ಓದುವ ಒಂದು ಕಥೆಪುಸ್ತಕವನ್ನು ಅಂಗಡಿಯ ಕಪಾಟಿಗೆ ತರಿಸುವ ವಿಧಿ ಯಾವ ಸಂವಿಧಾನದಲ್ಲಿಯೂ ಇಲ್ಲ. ಅದನ್ನು ಗಿರಾಕಿಯೇ ತರಿಸಬೇಕು. ಚಾದರದ ಅಂಗಡಿಗೆ ಕನ್ನಡ ಕಲಿಸಿದ ನಾವು ಪುಸ್ತಕದಂಗಡಿಗೆ ಏಕೆ ಕಲಿಸಲಿಲ್ಲ? ಅಲ್ಲಿಗೆ ನಾವು ಹೋಗಲೇ ಇಲ್ಲ.

ಗುರುಗಳು ಹನ್ನೊಂದು ಪುಸ್ತಕಗಳ ಹೆಸರನ್ನು ಕಾಗದದ ಮೇಲೆ ಬರೆದು, ಮುಂಗಡ ಹಣ ಕೊಟ್ಟು, ರಸೀದಿ ಪಡೆದರು.

ಇರುಳು

ಕತ್ತಲಾಗುತ್ತಿದ್ದಂತೆ ಇಂದ್ರಭುವನದ ಮುಂದೆ ಹಾದು ಬಂದೆವು. ವ್ಯಾಪಾರಿ ಮನೆತನದ ಅಪ್ಪಾಸಾಹೇಬ ವಾರದರು ಕಟ್ಟಿಸಿದ ಈ ಭವನ ಮುಂದೆ ಮಹಾನಗರಪಾಲಿಕೆಯ ಕಚೇರಿಯಾಯಿತು. ಕೆತ್ತನೆಯ ಕಮಾನುಗಳ ಮೇಲೆ ದೀಪದ ಬೆಳಕು ಬಿದ್ದಾಗ ಮಕ್ಕಳು ‘ಅರಮನಿ’ ಎಂದರು. ಅಲ್ಲಿಂದ ಹೋಮ್ ಮೈದಾನ. ಸಂಕ್ರಾಂತಿಯ ಹೋಮ ನಡೆಯುವ ನೆಲವಾದ್ದರಿಂದ ಆ ಹೆಸರು. ಒಂದು ಪಕ್ಕಕ್ಕೆ ಕೋಟೆಯ ಗೋಡೆ, ಇನ್ನೊಂದು ಪಕ್ಕಕ್ಕೆ ಕೆರೆ ಮತ್ತು ಗುಡಿ.

ಗಡ್ಡಾ ಜಾತ್ರೆಯ ರಾತ್ರಿಯನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಆಕಾಶಕ್ಕೇರುವ ತೊಟ್ಟಿಲುಗಳು, ಸಾವಿನ ಬಾವಿಯಲ್ಲಿ ಮೋಟಾರುಸೈಕಲ್ಲಿನ ಗುಡುಗು, ಬೆಂಡು-ಬತ್ತಾಸಿನ ರಾಶಿ, ಮಿರ್ಚಿಭಜಿಯ ಎಣ್ಣೆಯ ವಾಸನೆ, ಪೀಪಿ ಊದುವ ಮಕ್ಕಳು, ತಪ್ಪಿಸಿಕೊಂಡವರ ಹೆಸರು ಕೂಗುವ ಧ್ವನಿವರ್ಧಕ. ಅಕ್ಕಲಕೋಟೆ, ಇಂಡಿ, ವಿಜಯಪುರ, ಆಳಂದ ಕಡೆಗಳಿಂದ ಬಂದ ಜನ. ಹಗಲಿನಲ್ಲಿ ಕಚೇರಿಗಳ ಪಡಸಾಲೆಯಲ್ಲಿ ಕೇಳಿಸದ ಕನ್ನಡ ಇಲ್ಲಿ ಸಾವಿರ ಗಂಟಲುಗಳಲ್ಲಿತ್ತು. ‘ಏ ಬಾರಲೇ’, ‘ಎಲ್ಲಿ ಹೋತು ಹುಡುಗಿ’, ‘ಎಷ್ಟಕ್ಕ ಕೊಡ್ತಿ’ ಎಂಬ ಮಾತುಗಳು ಮರಾಠಿ, ತೆಲುಗುಗಳ ನಡುವೆ ಸಲೀಸಾಗಿ ಹರಿದಾಡುತ್ತಿದ್ದವು. ಯಾರೂ ಯಾರನ್ನೂ ತಿರುಗಿ ನೋಡುತ್ತಿರಲಿಲ್ಲ. ಸಂತೋಷದಲ್ಲಿದ್ದಾಗ ಮನುಷ್ಯ ತನ್ನ ಭಾಷೆಯ ದನಿಯನ್ನು ತಗ್ಗಿಸುವುದಿಲ್ಲ.

ತಾಯಂದಿರಲ್ಲಿ ಒಬ್ಬರು ತೊಟ್ಟಿಲು ಹತ್ತಿದರು. ಮದುವೆಯಾಗಿ ಹದಿನಾರು ವರ್ಷ, ಎಷ್ಟೋ ಸಲ ಸೋಲಾಪುರಕ್ಕೆ ಬಂದಿದ್ದಾರೆ. ಬಂದದ್ದೆಲ್ಲ ಹೆರಿಗೆಗೆ, ಮಾವನ ಶಸ್ತ್ರಚಿಕಿತ್ಸೆಗೆ, ಪಡಿತರ ಚೀಟಿಯ ತಿದ್ದುಪಡಿಗೆ. ರಾತ್ರಿಯ ಸೋಲಾಪುರವನ್ನು ಅವರು ನೋಡಿದ್ದು ಇದೇ ಮೊದಲು. ಕೆಳಗಿಳಿದು ಬಂದಾಗ ಅವರ ಮುಖದಲ್ಲಿದ್ದ ನಗೆಯನ್ನು ನೋಡಿ ಮಗಳೇ ಬೆರಗಾದಳು. ‘ಮ್ಯಾಲಿಂದ ಎಲ್ಲಾ ಕಾಣ್ತದ, ಗುಡಿ, ಕೆರಿ, ಕಿಲ್ಲೆ. ಇಷ್ಟ ಚಂದ ಊರು ಇದು’ ಎಂದರು.

ಅಷ್ಟರಲ್ಲಿ ನಂದಿಧ್ವ
ಜಗಳು ಬಂದವು. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಮುಗಿಲೆತ್ತರದ ಕಾಠಿಗಳನ್ನು ಸರದಿಯ ಮೇಲೆ ಹೊತ್ತು ತೂಗುತ್ತ ತರುತ್ತಾರೆ. ಒಬ್ಬನ ಸೊಂಟದ ಪಟ್ಟಿಯಿಂದ ಇನ್ನೊಬ್ಬನ ಪಟ್ಟಿಗೆ ಅಷ್ಟು ಭಾರ ಬದಲಾಗುವ ಕ್ಷಣದಲ್ಲಿ ಇಡೀ ಮೈದಾನ ಉಸಿರು ಹಿಡಿಯುತ್ತದೆ. ಏಳೂ ಧ್ವಜಗಳು ಬಂದು ನಿಂತ ಮೇಲೆ ಮದ್ದು ಸುಡುವುದು ಮೊದಲಾಯಿತು. ಆಕಾಶದಲ್ಲಿ ಬಿರಿದ ಬೆಳಕಿನ ಹೂಗಳು ಸಿದ್ಧರಾಮರ ಕೆರೆಯ ನೀರಿನಲ್ಲಿ ಇನ್ನೊಮ್ಮೆ ಬಿರಿದವು. ಹುಡುಗನೊಬ್ಬ ನನ್ನ ಕೈ ಜಗ್ಗಿ, ‘ಕಾಕಾ, ಶಾಂಘೈಯಾಗ ಹಿಂಗ ಇರ್ತದೇನ್ರಿ?’ ಎಂದ. ಇರುತ್ತದೆ, ಇದಕ್ಕಿಂತ ದೊಡ್ಡದಾಗಿಯೇ ಇರುತ್ತದೆ ಎಂದೆ. ಅವನು ಸ್ವಲ್ಪ ಯೋಚಿಸಿ, ‘ಆದ್ರ ಅಲ್ಲಿ ಎಣ್ಣೆ ಮಜ್ಜನ ಇರಂಗಿಲ್ಲ’ ಎಂದ.

ಜಾತ್ರೆಗಾಗಿ ಬಿಟ್ಟಿದ್ದ ಹೆಚ್ಚಿನ ಬಸ್ಸಿನಲ್ಲಿ ಊರಿಗೆ ಮರಳಿದೆವು. ಮಕ್ಕಳೆಲ್ಲ ಹೊಸ ಚಾದರಗಳ ಗಂಟಿಗೆ ಒರಗಿ ನಿದ್ದೆ ಹೋಗಿದ್ದರು.

ಕನ್ನಡ ಶಾಲೆಗಳ ಪಾಲಕರಲ್ಲಿ ನನ್ನ ವಿನಂತಿಯಿಷ್ಟು. ನಮ್ಮ ಭಾಷೆಯನ್ನು ನಾವು ಬಹಳ ವರ್ಷಗಳಿಂದ ಅರ್ಜಿಗಳಲ್ಲಿ, ಮನವಿಗಳಲ್ಲಿ ಕಾಪಾಡುತ್ತ ಬಂದಿದ್ದೇವೆ. ಅದು ಬೇಕು, ನನ್ನ ವೃತ್ತಿಯೇ ಅದು. ಆದರೆ ಬೇಡುವಾಗ ಮಾತ್ರ ನೆನಪಾಗುವ ಭಾಷೆಯನ್ನು ಮಕ್ಕಳು ಬಹುಕಾಲ ಪ್ರೀತಿಸಲಾರರು. ನಗರದಲ್ಲಿ ಅದು ನಗುವುದನ್ನು, ಚೌಕಾಸಿ ಮಾಡುವುದನ್ನು, ತೊಟ್ಟಿಲಿನ ಮೇಲಿಂದ ಕೂಗುವುದನ್ನು ಅವರು ಕೇಳಬೇಕು. ಮುಂದಿನ ಸಂಕ್ರಾಂತಿಗೆ ನಿಮ್ಮ ಊರಿನ ಹತ್ತು ಮಕ್ಕಳನ್ನು ಕೂಡಿಸಿಕೊಂಡು, ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಸೋಲಾಪುರಕ್ಕೆ ಒಂದು ದಿನ ಹೋಗಿ ಬನ್ನಿರಿ. ಬುತ್ತಿ ಕಟ್ಟಿಕೊಳ್ಳಿರಿ, ಚಿಕ್ಕ ಮಕ್ಕಳ ಕಿಸೆಯಲ್ಲಿ ಹೆಸರು-ಊರು ಬರೆದ ಚೀಟಿ ಇಡಿರಿ, ಮರಳುವ ಬಸ್ಸಿನ ವೇಳೆಯನ್ನು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿರಿ. ಪೇಟೆಗೆ ಹೋದಾಗ ಯಾವುದಾದರೂ ಒಂದು ಪುಸ್ತಕದಂಗಡಿಯ ಮೆಟ್ಟಿಲು ಹತ್ತಿ, ಕನ್ನಡದ ಕಥೆಪುಸ್ತಕ ಇದೆಯೇ ಎಂದು ಮಕ್ಕಳಿಂದಲೇ ಕೇಳಿಸಿರಿ. ಇಲ್ಲವೆಂದರೆ ಮರುವರ್ಷ ಮತ್ತೆ ಕೇಳಿಸಿರಿ.

ಗುರುಗಳು ಮುಂಗಡ ಕೊಟ್ಟ ಹನ್ನೊಂದು ಪುಸ್ತಕಗಳಲ್ಲಿ ಒಂಬತ್ತು ಕಳೆದ ವಾರ ಬಂದು ತಲುಪಿವೆ. ಅಂಗಡಿಯವರು ಅವುಗಳ ಜೊತೆಗೆ ತಮ್ಮ ಕಪಾಟಿಗೆಂದು ಇನ್ನೂ ನಾಲ್ಕನ್ನು ತರಿಸಿಟ್ಟಿದ್ದಾರಂತೆ.